ಥೈರಾಯ್ಡ್ ರಿಪೋರ್ಟ್ ನಾರ್ಮಲ್ ಅಂತೆ, ಮತ್ತೆ ಕಣ್ಣು ಯಾಕೆ ಹೀಗೆ?

ಹೋದ ಸಂಚಿಕೆಯಲ್ಲಿ ಥೈರಾಯ್ಡ್ ಬಗ್ಗೆ ಬರೀವಾಗ ಕೊನೇಲಿ ಒಂದೇ ಒಂದು ಸಾಲು, ಕೆಲವರಿಗೆ ಇದು ಕಣ್ಣಿಗೂ ಬರುತ್ತೆ ಅಂತ ಹಾಕಿದ್ದೆ ಅಷ್ಟೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಆ ಸಾಲಿನ ಮೇಲೇ! ಹಾಗಾಗಿ ಈ ಸಲ ಪೂರ್ತಿ ಕಣ್ಣು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ, ಹೆಸರು ಬೇಡ ಅಂದೋರೇ ಜಾಸ್ತಿ ಇದ್ದಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನನಗೆ 38 ವರ್ಷ. ಹೋದ ವರ್ಷ ಹೈಪರ್‌ಥೈರಾಯ್ಡ್ ಅಂತ ಗೊತ್ತಾಯ್ತು, ಎದೆ ಹೊಡ್ಕೊಳ್ತಿತ್ತು, ತೂಕ ಇಳಿದಿತ್ತು. ಎಂಟು ತಿಂಗಳು ಮಾತ್ರೆ ತಗೊಂಡು ಈಗ ರಿಪೋರ್ಟ್ ಎಲ್ಲ ನಾರ್ಮಲ್. ಆದ್ರೆ ಕಣ್ಣು ಮುಂಚೆಗಿಂತ ಮುಂದೆ ಬಂದಿದೆ, ಬಲಗಣ್ಣು ಸ್ವಲ್ಪ ಜಾಸ್ತಿ. ಯಾಕೆ ಹಾಗೆ ದುರುಗುಟ್ಟಿ ನೋಡ್ತೀಯ ಅಂತಾರೆ ಎಲ್ಲರೂ. ರಕ್ತ ಸರಿಹೋದ್ಮೇಲೆ ಕಣ್ಣು ಯಾಕೆ ಸರಿಹೋಗ್ಲಿಲ್ಲ?

ಉತ್ತರ: ಕಳ್ಳ ಒಬ್ಬನೇ, ನುಗ್ಗಿರೋದು ಎರಡು ಮನೆಗೆ. ನೀವು ತಗೊಂಡ ಮಾತ್ರೆ ಒಂದು ಮನೆ ಬಾಗಿಲು ಹಾಕಿದೆ, ಅಷ್ಟೆ. ನಿಮಗಿರೋದು ಬಹುಶಃ ಗ್ರೇವ್ಸ್ ಕಾಯಿಲೆ, 1835ರಲ್ಲಿ ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್ ಬರೆದಿಟ್ಟಿದ್ದು, ಐದು ವರ್ಷ ಬಿಟ್ಟು ಜರ್ಮನಿಯ ಬಾಸೆಡೋ ಕೂಡ ಗಂಟಲು ಊತ, ಎದೆ ಬಡಿತ, ಮುಂದೆ ಬಂದ ಕಣ್ಣು ಈ ಮೂರನ್ನೂ ಒಟ್ಟಿಗೇ ವಿವರಿಸಿದ್ರು. ಇದರಲ್ಲಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಒಂದು ಆ್ಯಂಟಿಬಾಡಿ ಮಾಡುತ್ತೆ, ಅದು ಥೈರಾಯ್ಡ್ ಗ್ರಂಥಿ ಮೇಲಿರೋ, ಕೆಲಸ ಮಾಡು ಅನ್ನೋ ಹಾರ್ಮೋನ್ ಬಂದು ಕೂರೋ ಜಾಗವಾದ ಟಿಎಸ್‌ಎಚ್ ರಿಸೆಪ್ಟರ್‌ಗೆ ಅಂಟ್ಕೊಂಡು ಗ್ರಂಥಿಯನ್ನ ಓಡಿಸ್ತಾನೇ ಇರುತ್ತೆ. ತೊಂದರೆ ಏನಪ್ಪಾ ಅಂದ್ರೆ ಅದೇ ರಿಸೆಪ್ಟರ್ ಕಣ್ಣಗುಡ್ಡೆ ಹಿಂದಿನ ಕೆಲವು ಜೀವಕೋಶಗಳ ಮೇಲೂ ಇದೆ. ಆ್ಯಂಟಿಬಾಡಿ ಅಲ್ಲಿ ಹೋಗಿ ತಟ್ಟಿದ್ರೆ ಆ ಕೋಶಗಳು ಹಯಲುರೋನಿಕ್ ಆಸಿಡ್ ಅನ್ನೋ ಲೋಳೆಯಂಥ ವಸ್ತು ಸುರಿಸ್ತವೆ, ಅದು ಸ್ಪಂಜಿನ ಥರ ನೀರು ಹಿಡ್ಕೊಳ್ಳುತ್ತೆ, ಕಣ್ಣು ತಿರುಗಿಸೋ ಸ್ನಾಯುಗಳು ಊದ್ಕೊಳ್ತವೆ, ಹಿಂದಿನ ಕೊಬ್ಬೂ ಬೆಳೆಯುತ್ತೆ. ಕಣ್ಣಿನ ಗೂಡು ಸುತ್ತಲೂ ಮೂಳೆ, ಒಳಗಿರೋ ಜಾಗ ಹೆಚ್ಚುಕಮ್ಮಿ 30 ಎಂಎಲ್, ಊದಿದ್ದು ಎಲ್ಲಿಗೆ ಹೋಗಬೇಕು? ಬಾಗಿಲು ಇರೋದು ಮುಂದೆ ಮಾತ್ರ. ಗುಡ್ಡೆ ಮುಂದಕ್ಕೆ ಬಂತು.

ಮಾತ್ರೆ ಹಾರ್ಮೋನ್ ಇಳಿಸುತ್ತೆ, ಕಣ್ಣಿನ ಹಿಂದೆ ಆಗಲೇ ಶುರುವಾಗಿರೋ ಗಲಾಟೆನ ನೇರವಾಗಿ ನಿಲ್ಲಿಸಲ್ಲ. ಕಣ್ಣಿಗೆ ಅದರದ್ದೇ ಕ್ಯಾಲೆಂಡರ್ ಇದೆ. 1945ರಲ್ಲಿ ರಂಡಲ್ ಅನ್ನೋ ಡಾಕ್ಟರ್ ಇದನ್ನ ಒಂದು ಗೆರೆಯಾಗಿ ಎಳೆದು ತೋರಿಸಿದ್ರು, ನಾವು ಇವತ್ತಿಗೂ ಅದೇ ಗೆರೆ ಇಟ್ಕೊಂಡೇ ಮಾತಾಡ್ತೀವಿ: ಮೊದಲು ಏರುತ್ತೆ, ಒಂದು ಕಡೆ ನಿಲ್ಲುತ್ತೆ, ಆಮೇಲೆ ಸ್ವಲ್ಪ ಇಳಿಯುತ್ತೆ, ಆದ್ರೆ ಶುರುವಾದ ಜಾಗಕ್ಕೆ ಪೂರ್ತಿ ವಾಪಸ್ ಬರಲ್ಲ. ಈ ಬಿಸಿ ಹಂತ, ಅಂದ್ರೆ ಕಣ್ಣು ಕೆಂಪಾಗಿ ಊದೋ ಕಾಲ, ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷ. ಔಷಧಿ ಕೆಲಸ ಮಾಡೋದು ಬಿಸಿ ಇದ್ದಾಗ, ಆಪರೇಷನ್ ಮಾಡೋದು ಆರಿದ ಮೇಲೆ. ಈ ಕಾಯಿಲೆಯಲ್ಲಿ ಅರ್ಧ ಟ್ರೀಟ್‌ಮೆಂಟ್ ಅಂದ್ರೆ ನಾವೀಗ ಗೆರೆ ಮೇಲೆ ಎಲ್ಲಿದೀವಿ ಅಂತ ಕಂಡುಹಿಡಿಯೋದೇ.

ಹಾಗಂತ ಥೈರಾಯ್ಡ್ ಮಾತ್ರೆ ಬಿಡಬೇಡಿ, ಹಾರ್ಮೋನ್ ಜಾಸ್ತಿ ಆದ್ರೂ ಕಣ್ಣಿಗೆ ಕಷ್ಟ, ಕಮ್ಮಿ ಆದ್ರೂ ಕಷ್ಟ. ಇನ್ನು ದುರುಗುಟ್ಟಿದ ಹಾಗೆ ಕಾಣೋದು, ಅದು ಗುಡ್ಡೆಯಿಂದ ಮಾತ್ರ ಅಲ್ಲ, ಮೇಲಿನ ರೆಪ್ಪೆ ಮೇಲಕ್ಕೆ ಎಳ್ಕೊಂಡಿರುತ್ತೆ, ಕಪ್ಪು ಗುಡ್ಡೆ ಮೇಲ್ಗಡೆ ಬಿಳಿ ಕಾಣ್ತಿದೆಯಾ ಅಂತ ಕನ್ನಡಿಯಲ್ಲಿ ನೋಡ್ಕೊಳ್ಳಿ. ಒಂದು ಕಣ್ಣು ಜಾಸ್ತಿ ಇರೋದೂ ಮಾಮೂಲೇ. ಆದ್ರೂ ಒಂದು ಸ್ಕ್ಯಾನ್ ಮಾಡಿಸಿ ಹಿಂದೆ ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋದು ಒಳ್ಳೇದು. ಮತ್ತೆ ಕಣ್ಣಿನ ಡಾಕ್ಟರ್ ಹತ್ರ ಹೋಗ್ವಾಗ ನಾಲ್ಕೈದು ವರ್ಷದ ಹಿಂದಿನ ಫೋಟೋ ತಗೊಂಡು ಹೋಗಿ. ನನ್ನ ಹತ್ರ ಬಂದ ಒಬ್ಬರು ನನ್ನ ಕಣ್ಣು ಹುಟ್ಟಿದಾಗಿಂದ ಹೀಗೇ ದೊಡ್ಡದು ಅಂತ ವಾದ ಮಾಡ್ತಿದ್ರು, ಪರ್ಸಿನಲ್ಲಿದ್ದ ಹಳೇ ಗುರುತಿನ ಚೀಟಿ ಪಕ್ಕದಲ್ಲಿ ಹಿಡಿದ್ವಿ, ಅವರೇ ಎರಡು ನಿಮಿಷ ಸುಮ್ಮನಾಗಿಬಿಟ್ರು.

ಪ್ರಶ್ನೆ: ಆರು ತಿಂಗಳಿಂದ ಕಣ್ಣು ಕೆಂಪು, ಉರಿ, ನೀರು. ಅಲರ್ಜಿ ಅಂತ ಮೂರು ಥರ ಡ್ರಾಪ್ಸ್ ಆಯ್ತು, ಕಮ್ಮಿ ಇಲ್ಲ. ಥೈರಾಯ್ಡ್ ತೊಂದರೆ ನನಗೆ ಇಲ್ವೇ ಇಲ್ಲ. ಆದ್ರೂ ಇದು ಅದೇ ಇರಬಹುದಾ?

ಉತ್ತರ: ಇರಬಹುದು. ಕೆಲವರಿಗೆ ಕಣ್ಣು ಮೊದಲು, ಥೈರಾಯ್ಡ್ ಆಮೇಲೆ. ರಕ್ತದಲ್ಲಿ ಹಾರ್ಮೋನ್ ಸರಿಯಾಗೇ ಇದ್ದು ಅಥವಾ ಕಮ್ಮಿ ಇದ್ದು ಕಣ್ಣಿಗೆ ಬಂದಿರೋರೂ ಸ್ವಲ್ಪ ಮಂದಿ ಇದಾರೆ. ವ್ಯತ್ಯಾಸ ಹೇಗೆ ಅಂದ್ರೆ, ಅಲರ್ಜಿ ಆದ್ರೆ ಮುಖ್ಯವಾಗಿ ನವೆ, ಉಜ್ಜಿ ಉಜ್ಜಿ ಸಾಕಾಗುತ್ತೆ. ಇದರಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತೆ, ಬೆಳಿಗ್ಗೆ ಎದ್ದಾಗ ರೆಪ್ಪೆ ಉಬ್ಬಿರುತ್ತೆ, ಮೇಲೆ ಕೆಳಗೆ ನೋಡಿದ್ರೆ ಗುಡ್ಡೆ ಹಿಂದೆ ಎಳೆದಂಗೆ ನೋವು. ನೀರು ಸುರೀತಿದ್ರೂ ಒಳಗೆ ಕಣ್ಣು ಒಣಗಿರುತ್ತೆ, ರೆಪ್ಪೆ ಪೂರ್ತಿ ಮುಚ್ಚದೇ ಇರೋದ್ರಿಂದ, ಆ ಒಣಗಿದ ಉರಿಗೇ ನೀರು ಬರೋದು.

ನಾನೂ ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಒಬ್ಬರಿಗೆ ನಾಲ್ಕು ತಿಂಗಳು ಅಲರ್ಜಿ ಡ್ರಾಪ್ಸ್ ಬರೆದುಕೊಟ್ಟು ಕೂತಿದ್ದೆ. ಅವರು ಮೆಟ್ಟಿಲು ಇಳಿಯೋವಾಗ ಕೆಳಗೆ ನೋಡಿದ್ರು, ಗುಡ್ಡೆ ಇಳೀತು, ರೆಪ್ಪೆ ಅಲ್ಲೇ ಮೇಲೆ ನಿಂತುಬಿಡ್ತು, ಆಗ ತಲೆಗೆ ಹೊಳೀತು. ಆ ಲಕ್ಷಣಕ್ಕೆ ಫಾನ್ ಗ್ರೇಫೆ ಅನ್ನೋ ಕಣ್ಣಿನ ಡಾಕ್ಟರ ಹೆಸರೇ ಇದೆ, ಪುಸ್ತಕದಲ್ಲಿ ಓದಿದ್ದೆ, ಮೆಟ್ಟಿಲ ಮೇಲೆ ಕಲಿತೆ. ನೀವು ಟಿಎಸ್‌ಎಚ್, ಫ್ರೀ ಟಿ4, ಟಿ3 ಜೊತೆಗೆ ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಅನ್ನೋದನ್ನೂ ಕೇಳಿ ಮಾಡಿಸಿ. ಹಾರ್ಮೋನ್ ಅಳೆಯೋ ಮೊದಲ ಮೂರು ನಾರ್ಮಲ್ ಬಂದ್ರೂ ನಾಲ್ಕನೇದು ಸುಳಿವು ಕೊಡಬಹುದು.

ಪ್ರಶ್ನೆ: ವಯಸ್ಸು 52, ಗಂಡಸು. ಬೆಳಿಗ್ಗೆ ಎದ್ದ ತಕ್ಷಣ ಎಲ್ಲ ಎರಡೆರಡು ಕಾಣುತ್ತೆ, ಒಂದರ ಮೇಲೊಂದು. ಮಧ್ಯಾಹ್ನಕ್ಕೆ ಸ್ವಲ್ಪ ವಾಸಿ. ಎರಡು ಸಲ ಕನ್ನಡಕ ಬದಲಾಯಿಸಿದೆ, ಏನೂ ಪ್ರಯೋಜನ ಇಲ್ಲ. ಥೈರಾಯ್ಡ್‌ಗೆ ಮಾತ್ರೆ ತಗೊಳ್ತಿದೀನಿ. ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದ್ತೀನಿ, ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ, ಆದ್ರೂ ಹೇಳ್ತಿದೀನಿ.

ಉತ್ತರ: ಹೇಳಿದ್ದು ಒಳ್ಳೇದಾಯ್ತು, ಯಾಕಂದ್ರೆ ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಾಲು ಅದೇ. ಈ ಕಾಯಿಲೆಯಲ್ಲಿ ನಮ್ಮ ಕೈಯಲ್ಲಿರೋ ಅತಿ ದೊಡ್ಡ ಕಾರಣ ಸಿಗರೇಟು. ಸೇದೋರಿಗೆ ಇದು ಬರೋದೂ ಜಾಸ್ತಿ, ಜೋರಾಗಿ ಬರೋದೂ ಜಾಸ್ತಿ, ಕೊಟ್ಟ ಔಷಧಿ ಹತ್ತೋದು ಕಮ್ಮಿ, ಮತ್ತೆ ಎಷ್ಟು ಜಾಸ್ತಿ ಸೇದ್ತಾರೋ ಅಷ್ಟು ಜಾಸ್ತಿ. ಗ್ರೇವ್ಸ್ ಬರೋದು ಹೆಂಗಸರಿಗೇ ಹೆಚ್ಚು, ಆದ್ರೆ ಗಂಡಸರಿಗೆ ವಯಸ್ಸಾದ ಮೇಲೆ ಬಂದ್ರೆ ಕಣ್ಣಿನ ತೊಂದರೆ ಹೆಚ್ಚು ತೀವ್ರ, ಆ ಲೆಕ್ಕದಲ್ಲೂ ನೀವು ಹುಷಾರಾಗಿರಬೇಕು. ಮೆಲ್ಲಗೆ ಕಮ್ಮಿ ಮಾಡ್ತೀನಿ ಅನ್ನೋ ಮಾತು ಬೇಡ, ಬಿಡಿ. ಒಬ್ಬರೇ ಕೈಲಾಗದಿದ್ರೆ ಅದಕ್ಕೆ ಗಮ್, ಪ್ಯಾಚ್, ಮಾತ್ರೆ ಎಲ್ಲ ಇದೆ, ಡಾಕ್ಟರನ್ನ ಕೇಳೋಕೆ ನಾಚಿಕೆ ಬೇಡ.

ಇನ್ನು ಎರಡೆರಡು ಕಾಣೋದು. ಊದಿದ ಸ್ನಾಯು ಬಿಗಿ ಆಗಿರುತ್ತೆ, ಅದಕ್ಕೆ ಶಕ್ತಿ ಇಲ್ಲ ಅಂತಲ್ಲ, ಸಡಿಲ ಬಿಡೋಕೆ ಬರಲ್ಲ, ಗಿಡ್ಡ ಹಗ್ಗ ಕಟ್ಟಿದ ಹಸು ಇದ್ದ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ ಬಿಗಿಯಾಗೋದು ಗುಡ್ಡೆ ಕೆಳಗಿನ ಸ್ನಾಯು, ಆಮೇಲೆ ಮೂಗಿನ ಕಡೇದು. ಕೆಳಗಿನದು ಹಿಡ್ಕೊಂಡ್ರೆ ಕಣ್ಣು ಮೇಲಕ್ಕೆ ಏಳಲ್ಲ, ಅದಕ್ಕೇ ನಿಮಗೆ ಒಂದರ ಮೇಲೊಂದು ಕಾಣೋದು. ಇಂಥೋರು ಒಳಗೆ ಬರುವಾಗಲೇ ನನಗೆ ಗೊತ್ತಾಗಿಬಿಡುತ್ತೆ, ಗದ್ದ ಮೇಲೆತ್ಕೊಂಡು ಬರ್ತಾರೆ, ಗೋಡೆ ಮೇಲಿನ ಅಕ್ಷರ ಓದಿ ಅಂದ್ರೆ ಇನ್ನೂ ಮೇಲೆತ್ತುತಾರೆ. ಮನೆಯವರು ಅದನ್ನ ಜಂಬ ಅಂದ್ಕೊಂಡಿರ್ತಾರೆ ಪಾಪ. ರಾತ್ರಿ ಮಲಗಿದಾಗ ನೀರು ಕಣ್ಣಿನ ಹಿಂದೆ ಸೇರುತ್ತೆ, ಅದಕ್ಕೆ ಬೆಳಿಗ್ಗೆ ಜಾಸ್ತಿ. ಮಾಮೂಲಿ ನಂಬರ್ ಬದಲಾಯಿಸಿದ್ರೆ ಇದು ಹೋಗಲ್ಲ, ಪ್ರಿಸಂ, ಅಂದ್ರೆ ಬೆಳಕನ್ನ ಬಗ್ಗಿಸಿ ಎರಡು ಚಿತ್ರ ಒಂದು ಮಾಡೋ ಗಾಜು, ಬೇಕು, ಅದೂ ಈಗಲೇ ಗಾಜಿನಲ್ಲಿ ಕೊರೆಸಬೇಡಿ, ತೆಳ್ಳಗಿನ ಅಂಟಿಸೋ ಪ್ರಿಸಂ ಸಾಕು, ಯಾಕಂದ್ರೆ ಬಿಸಿ ಹಂತದಲ್ಲಿ ಅಳತೆ ತಿಂಗಳಿಗೊಂದು ಸಲ ಬದಲಾಗುತ್ತೆ. ಎರಡೆರಡು ಕಾಣ್ತಿರೋವಾಗ ಗಾಡಿ ಓಡಿಸಬೇಡಿ, ತುರ್ತಿದ್ರೆ ಒಂದು ಕಣ್ಣಿಗೆ ಪಟ್ಟಿ ಹಾಕ್ಕೊಂಡು ಕೆಲಸ ಮಾಡಬಹುದು, ಗಾಡಿ ಮಾತ್ರ ಬೇಡ.

ಪ್ರಶ್ನೆ: ನಮ್ಮ ಅಕ್ಕನಿಗೆ ಥೈರಾಯ್ಡ್ ಕಣ್ಣಿನ ತೊಂದರೆ ಇದೆ. ಹತ್ತು ದಿನದಿಂದ ಎಡಗಣ್ಣಲ್ಲಿ ಬಣ್ಣ ಮಾಸಿದ ಹಾಗೆ ಕಾಣುತ್ತೆ ಅಂತಿದಾಳೆ. ಮುಂದಿನ ಅಪಾಯಿಂಟ್‌ಮೆಂಟ್ ಎರಡು ತಿಂಗಳಿಗಿದೆ. ಅಲ್ಲೀವರೆಗೆ ಕಾಯಬಹುದಾ?

ಉತ್ತರ: ಈ ಪತ್ರಕ್ಕೆ ಅಚ್ಚಾಗೋವರೆಗೆ ಕಾಯದೆ ಅವತ್ತೇ ಫೋನ್ ಮಾಡಿ ಹೇಳಿದ್ದೀನಿ, ಅಕ್ಕನನ್ನ ಕರ್ಕೊಂಡು ಹೋಗಿದ್ದಾರೆ, ಟ್ರೀಟ್‌ಮೆಂಟ್ ಶುರುವಾಗಿದೆ. ಬೇರೆಯವರಿಗೆ ಗೊತ್ತಿರಲಿ ಅಂತ ಇಲ್ಲಿ ಹಾಕ್ತಿದೀನಿ: ಕಾಯಬಾರದು. ಒಂದು ದಿನವೂ. ಊದಿದ ಸ್ನಾಯುಗಳೆಲ್ಲ ಗೂಡಿನ ತುದಿಯಲ್ಲಿ ಒತ್ತೊತ್ತಾಗಿ ಸೇರಿ ಕಣ್ಣಿನ ನರವನ್ನ ಹಿಚುಕಿದ್ರೆ ಹೀಗಾಗುತ್ತೆ. ನೂರಕ್ಕೆ ಐದು ಮಂದಿಗೆ ಆಗಬಹುದು, ಆದ್ರೆ ಆ ಐವರಿಗೆ ದೃಷ್ಟಿಯೇ ಹೋಗೋ ಅಪಾಯ.

ಮನೇಲೇ ನೋಡೋದು ಸುಲಭ. ಕೆಂಪು ಮುಚ್ಚಳ ಇರೋ ಯಾವುದಾದ್ರೂ ಬಾಟಲಿ ತಗೊಳ್ಳಿ, ಒಂದು ಕಣ್ಣು ಮುಚ್ಚಿ ನೋಡಿ, ಇನ್ನೊಂದು ಮುಚ್ಚಿ ನೋಡಿ. ಒಂದರಲ್ಲಿ ಕೆಂಪು ಕೆಂಪಾಗಿದ್ದು ಇನ್ನೊಂದರಲ್ಲಿ ತೊಳೆದು ತೊಳೆದು ಬಣ್ಣ ಹೋದ ಬಟ್ಟೆ ಥರ ಕಂಡ್ರೆ ಹೊರಡಿ. ಗುಡ್ಡೆ ಅಷ್ಟೇನೂ ಮುಂದೆ ಬಂದಿಲ್ವಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ಎಷ್ಟೋ ಸಲ ಗುಡ್ಡೆ ಮುಂದೆ ಬರದೇ ಇರೋರಲ್ಲೇ ಒತ್ತಡ ಪೂರ್ತಿ ಹಿಂದಿನ ನರದ ಮೇಲೆ ಬೀಳೋದು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ದೊಡ್ಡ ಡೋಸ್ ಸ್ಟಿರಾಯ್ಡ್ ಕೊಡ್ತಾರೆ, ಅದಕ್ಕೆ ಬಗ್ಗದಿದ್ರೆ ತಡ ಮಾಡದೆ ಆಪರೇಷನ್ ಮಾಡಿ ಮೂಳೆ ತೆಗೆದು ನರಕ್ಕೆ ಜಾಗ ಮಾಡಿಕೊಡ್ತಾರೆ. ರೆಪ್ಪೆ ಮುಚ್ಚದೆ ಕಾರ್ನಿಯಾ, ಅಂದ್ರೆ ಕಪ್ಪು ಗುಡ್ಡೆ ಮುಂದಿನ ಪಾರದರ್ಶಕ ಪದರದ ಮೇಲೆ ಹುಣ್ಣಾಗೋದೂ ಇದೇ ಥರ ತುರ್ತು, ತುಂಬಾ ನೋವು, ಬೆಳಕು ತಡೆಯಕ್ಕಾಗಲ್ಲ, ಕಪ್ಪು ಗುಡ್ಡೆ ಮೇಲೆ ಬಿಳಿ ಚುಕ್ಕೆ, ಈ ಮೂರರಲ್ಲಿ ಯಾವುದಿದ್ರೂ ಅವತ್ತೇ ಹೋಗಬೇಕು.

ಪ್ರಶ್ನೆ: ನನಗೆ 12 ವಾರ ಸ್ಟಿರಾಯ್ಡ್ ಡ್ರಿಪ್ ಅಂದಿದಾರೆ. ಸ್ಟಿರಾಯ್ಡ್ ಅಂದ್ರೇನೇ ಭಯ. ಮಾತ್ರೆಯಲ್ಲೇ ಮುಗಿಸೋಕೆ ಆಗಲ್ವಾ? ಹೊಸ ಇಂಜೆಕ್ಷನ್ ಬಂದಿದೆ ಅಂತಾರಲ್ಲ, ಅದು?

ಉತ್ತರ: ಭಯ ಇರಲಿ, ಸ್ವಲ್ಪ ಇದ್ರೆ ಒಳ್ಳೇದೇ, ಆದ್ರೆ ನೀವು ಭಯ ಬೀಳ್ತಿರೋದು ಉಲ್ಟಾ ಕಡೆ. ವಾರಕ್ಕೊಂದು ಡ್ರಿಪ್ ಅನ್ನೋದು ತಿಂಗಳುಗಟ್ಟಲೆ ನುಂಗೋ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತೆ, ಮುಖ ಊದೋದು, ತೂಕ ಏರೋದು ಅಂಥ ಕಾಟವೂ ಕಮ್ಮಿ. ಸಾಮಾನ್ಯ ಲೆಕ್ಕ ಹೀಗೆ: ಮೀಥೈಲ್‌ಪ್ರೆಡ್ನಿಸೊಲೋನ್ ಆರು ವಾರ 500 ಮಿಲಿಗ್ರಾಂ, ಮತ್ತಾರು ವಾರ 250, ಒಟ್ಟು ನಾಲ್ಕೂವರೆ ಗ್ರಾಂ. ಒಂದು ಕೋರ್ಸಿನಲ್ಲಿ 8 ಗ್ರಾಂ ದಾಟಬಾರದು ಅನ್ನೋದು ನಿಯಮ, ದಾಟಿದ್ರೆ ಲಿವರ್‌ಗೆ ಅಪಾಯ. ಶುರು ಮಾಡೋ ಮೊದಲು ಲಿವರ್, ಹೆಪಟೈಟಿಸ್, ಶುಗರ್, ಬಿಪಿ, ಹೃದಯ ನೋಡಿದಾರಾ ಅಂತ ಕೇಳಿ. ಕೇಳಿದ್ರೆ ಡಾಕ್ಟರ್ ಬೇಜಾರು ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೆ ಅದು ಅವರ ಕಷ್ಟ. ಕೆಲವರಿಗೆ ಜೊತೆಗೆ ರಕ್ಷಣಾ ವ್ಯವಸ್ಥೆಯ ಗಲಾಟೆ ತಗ್ಗಿಸೋ ಮೈಕೊಫಿನೊಲೇಟ್ ಮಾತ್ರೆ ಸೇರಿಸ್ತಾರೆ.

ಆದ್ರೆ ಒಂದು ನಿರೀಕ್ಷೆ ಸರಿ ಮಾಡ್ಕೊಳ್ಳಿ. ಸ್ಟಿರಾಯ್ಡ್ ಕೆಂಪು, ನೋವು, ಊತ ಚೆನ್ನಾಗಿ ಇಳಿಸುತ್ತೆ, ಮುಂದೆ ಬಂದ ಗುಡ್ಡೆಯನ್ನ ಹಿಂದೆ ಕಳಿಸೋದು ಬಹಳ ಕಮ್ಮಿ. ಇದನ್ನ ಮೊದಲೇ ಹೇಳದೇ ಇದ್ರೆ 12 ವಾರ ಆದ್ಮೇಲೆ ಪೇಷೆಂಟು ಮೋಸ ಹೋದೆ ಅಂದ್ಕೊಳ್ತಾರೆ. ಆ ಕೆಲಸಕ್ಕೆ ಬಂದಿದ್ದೇ ನೀವು ಕೇಳಿದ ಹೊಸದು, ಟೆಪ್ರೊಟುಮುಮ್ಯಾಬ್, 2020ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಮೂರು ವಾರಕ್ಕೊಂದರಂತೆ ಎಂಟು ಡ್ರಿಪ್. ಕಣ್ಣಿನ ಹಿಂದಿನ ಕೋಶಗಳ ಮೇಲೆ ಟಿಎಸ್‌ಎಚ್ ರಿಸೆಪ್ಟರ್ ಪಕ್ಕದಲ್ಲೇ ಐಜಿಎಫ್-1 ಅನ್ನೋ ಇನ್ನೊಂದು ರಿಸೆಪ್ಟರ್ ಇದೆ, ಇದು ಅದನ್ನ ಮುಚ್ಚಿಹಾಕುತ್ತೆ. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ ಔಷಧಿ ಸಿಕ್ಕ ನೂರರಲ್ಲಿ 83 ಮಂದಿಗೆ ಗುಡ್ಡೆ 2 ಮಿಲಿಮೀಟರೋ ಜಾಸ್ತಿಯೋ ಹಿಂದೆ ಹೋಯ್ತು, ಬರೀ ಸಲೈನ್ ಥರದ್ದು ಸಿಕ್ಕವರಲ್ಲಿ 10 ಮಂದಿಗೆ. ಎರಡು ಮಿಲಿಮೀಟರ್ ಏನು ಮಹಾ ಅನ್ನಬೇಡಿ, ಕನ್ನಡಿ ಮುಂದೆ ನಿಂತೋರಿಗೆ ಗೊತ್ತು ಅದರ ಬೆಲೆ. ಆದ್ರೆ ಇದಕ್ಕೂ ಕಾಟ ಇದೆ, ಕಿವಿ ಮಂದ ಆಗಬಹುದು, ಶುಗರ್ ಏರಬಹುದು, ಕಾಲು ಸೆಳೆತ, ಗರ್ಭಿಣಿಯರಿಗೆ ಕೊಡೋ ಹಾಗೇ ಇಲ್ಲ, ನಿಲ್ಲಿಸಿದ ಮೇಲೆ ಕೆಲವರಿಗೆ ವಾಪಸ್ ಬಂದಿದ್ದೂ ಇದೆ. ಸಿಗುವ ಕಡೆ, ಕಿವಿ ಪರೀಕ್ಷೆ ಮಾಡಿಸ್ಕೊಂಡು, ಸರಿಯಾದ ಪೇಷೆಂಟಿಗೆ ಒಳ್ಳೆ ಔಷಧಿ. ಎಲ್ಲರಿಗೂ ಅಲ್ಲ.

ಪ್ರಶ್ನೆ: ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಕುಡಿಸ್ತೀವಿ ಅಂತಿದಾರೆ. ಕಣ್ಣು ಸ್ವಲ್ಪ ಕೆಂಪಗಿದೆ. ತಗೋಬಹುದಾ? ಇಲ್ಲ ಗ್ರಂಥಿ ತೆಗೆಸಿಬಿಟ್ರೆ ಕಣ್ಣೂ ವಾಸಿ ಆಗುತ್ತಾ?

ಉತ್ತರ: ಮೊದಲು ಕಣ್ಣು ತೋರಿಸಿ, ಆಮೇಲೆ ಅಯೋಡಿನ್ ಮಾತು. ರೇಡಿಯೋ ಅಯೋಡಿನ್ ಅಂದ್ರೆ ವಿಕಿರಣದಿಂದ ಗ್ರಂಥಿಯ ಕೋಶಗಳನ್ನ ಸಾಯಿಸೋ ಔಷಧಿ, ಆ ಕೋಶಗಳು ಒಡೆದಾಗ ಆ್ಯಂಟಿಬಾಡಿ ಇನ್ನಷ್ಟು ಕೆರಳುತ್ತೆ, ಕಣ್ಣು ಆಗಲೇ ಬಿಸಿ ಇದ್ರೆ ಇನ್ನೂ ಹತ್ತಿಕೊಳ್ಳಬಹುದು. 1998ರಲ್ಲಿ ಬಂದ ಒಂದು ಇಟಾಲಿಯನ್ ಅಧ್ಯಯನದಲ್ಲಿ ರೇಡಿಯೋ ಅಯೋಡಿನ್ ಮಾತ್ರ ತಗೊಂಡೋರಲ್ಲಿ ನೂರಕ್ಕೆ 15 ಮಂದಿಗೆ ಕಣ್ಣು ಹೊಸದಾಗಿ ಕೆಟ್ಟಿತ್ತು ಅಥವಾ ಇದ್ದದ್ದು ಜಾಸ್ತಿ ಆಗಿತ್ತು, ಜೊತೆಗೆ ಪ್ರೆಡ್ನಿಸೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಕೊಟ್ಟವರಲ್ಲಿ ಯಾರಿಗೂ ಕೆಡಲಿಲ್ಲ. ಹಾಗಾಗಿ ಕಣ್ಣು ಹಗುರವಾಗಿ ಕೆಂಪಿದ್ರೆ ಸ್ಟಿರಾಯ್ಡ್ ಮರೆಯಲ್ಲಿ ಕೊಡ್ತಾರೆ, ಜೋರಾಗಿದ್ರೆ ಬೇರೆ ದಾರಿ ಹಿಡೀತಾರೆ. ತಗೊಂಡ ಮೇಲೆ ಹಾರ್ಮೋನ್ ಕೆಳಗೆ ಬೀಳುತ್ತೆ, ಅದನ್ನ ತಿಂಗಳುಗಟ್ಟಲೆ ಹಾಗೇ ಬಿಡಬಾರದು, ಸರಿಯಾದ ಟೈಮಿಗೆ ರಕ್ತ ಪರೀಕ್ಷೆ ಮಾಡಿಸಿ ಥೈರಾಕ್ಸಿನ್ ಅನ್ನೋ ಹಾರ್ಮೋನ್ ಮಾತ್ರೆ ಶುರು ಮಾಡಬೇಕು. ಗ್ರಂಥಿ ತೆಗೆಸಿದ್ರೆ ಕಣ್ಣು ವಾಸಿ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಎರಡು ಮನೆ ಅಂದೆನಲ್ಲ, ಒಂದು ಮನೆ ಕೆಡವಿದ್ರೆ ಇನ್ನೊಂದರಲ್ಲಿರೋ ಕಳ್ಳ ಹೊರಗೆ ಬರ್ತಾನೆ ಅಂತೇನಿಲ್ಲ.

ಪ್ರಶ್ನೆ: ಸೆಲೆನಿಯಂ ಮಾತ್ರೆ ತಗೊಳ್ಳಿ ಅಂತ ಗೆಳತಿ ಹೇಳಿದ್ಲು. ನಿಜನಾ?

ಉತ್ತರ: ಅರ್ಧ ನಿಜ. ಕಾಯಿಲೆ ಹಗುರವಾಗಿದ್ದು, ಹೊಸದಾಗಿ ಬಂದಿದ್ರೆ ದಿನಕ್ಕೆರಡು ಸಲ 100 ಮೈಕ್ರೋಗ್ರಾಂ, ಆರು ತಿಂಗಳು, ಅಷ್ಟೆ. 2011ರ ಯುರೋಪಿನ ಅಧ್ಯಯನದಲ್ಲಿ ಅದರಿಂದ ಅನುಕೂಲ ಆಗಿತ್ತು, ಆದ್ರೆ ಅಲ್ಲಿನ ಮಣ್ಣಲ್ಲೇ ಸೆಲೆನಿಯಂ ಸ್ವಲ್ಪ ಕಮ್ಮಿ. ಜೋರಾದ ಕಾಯಿಲೆಗೆ ಇದನ್ನ ನಂಬಿ ಕೂರಬೇಡಿ. ಎರಡು ಪಟ್ಟು ತಿಂದ್ರೆ ಎರಡು ಪಟ್ಟು ಬೇಗ ವಾಸಿ ಆಗಲ್ಲ, ಕೂದಲು ಉದುರುತ್ತೆ, ಉಗುರು ಪುಡಿಪುಡಿ ಆಗುತ್ತೆ.

ಪ್ರಶ್ನೆ: ವಯಸ್ಸು 29. ಮೂರು ವರ್ಷ ಆಯ್ತು, ಕೆಂಪು ನೋವು ಎಲ್ಲ ಹೋಗಿದೆ, ಕಣ್ಣು ಮಾತ್ರ ಮುಂದೇನೇ ನಿಂತಿದೆ. ಫೋಟೋ ತೆಗೆಸ್ಕೊಳ್ಳೋದೇ ಬಿಟ್ಟಿದೀನಿ. ಬರೀ ಚಂದಕ್ಕೋಸ್ಕರ ಆಪರೇಷನ್ ಕೇಳೋದು ತಪ್ಪಾ?

ಉತ್ತರ: ತಪ್ಪೇ ಇಲ್ಲ. ಬರೀ ಚಂದ ಅಂತ ನೀವೂ ಅನ್ನಬೇಡಿ, ಇದು ಕಾಯಿಲೆ ಕಿತ್ಕೊಂಡ ಮುಖವನ್ನ ವಾಪಸ್ ಕೇಳೋದು. ಈ ಕಾಯಿಲೆ ಬಂದವರಲ್ಲಿ ಮನಸ್ಸು ಕುಗ್ಗೋರು ಬಹಳ, ಅದನ್ನೂ ಡಾಕ್ಟರಿಗೆ ಹೇಳಬೇಕು. ಕಣ್ಣು ಕಮ್ಮಿ ಅಂದ್ರೂ ಆರು ತಿಂಗಳಿಂದ ತಣ್ಣಗಿದ್ದು ಅಳತೆ ಬದಲಾಗದೆ ಇದ್ರೆ ಆಪರೇಷನ್‌ಗೆ ಹೊತ್ತು ಬಂದ ಹಾಗೆ.

ಅದಕ್ಕೊಂದು ಕ್ರಮ ಇದೆ, ಅದನ್ನ ತಪ್ಪಿಸಬಾರದು: ಮೊದಲು ಡಿಕಂಪ್ರೆಷನ್, ಆಮೇಲೆ ಬೇಕಿದ್ರೆ ಮೆಳ್ಳೆಗಣ್ಣಿನ ಆಪರೇಷನ್, ಕೊನೆಗೆ ರೆಪ್ಪೆ. ಡಿಕಂಪ್ರೆಷನ್ ಅಂದ್ರೆ ಗೂಡಿನ ಗೋಡೆಯ ಮೂಳೆ ಸ್ವಲ್ಪ ತೆಗೆದು, ಇಲ್ಲಾ ಹಿಂದಿನ ಕೊಬ್ಬು ತೆಗೆದು, ಗುಡ್ಡೆ ಹಿಂದೆ ಸರಿಯೋಕೆ ಜಾಗ ಮಾಡೋದು. ಇದಾದ ಮೇಲೆ ಕೆಲವರಿಗೆ ಹೊಸದಾಗಿ ಎರಡೆರಡು ಕಾಣೋಕೆ ಶುರುವಾಗುತ್ತೆ, ಅದಕ್ಕೇ ಮೆಳ್ಳೆಗಣ್ಣಿನದು ಎರಡನೇದು. ಸ್ನಾಯು ಜರುಗಿಸಿದ್ರೆ ರೆಪ್ಪೆಯ ಎತ್ತರ ಬದಲಾಗುತ್ತೆ, ಅದಕ್ಕೆ ರೆಪ್ಪೆ ಕೊನೇದು. ರೆಪ್ಪೆ ಒಂದೇ ಮೊದಲು ಸರಿ ಮಾಡಿ ಅಂತ ಹಟ ಹಿಡಿಯೋರು ಇದಾರೆ, ಸಣ್ಣ ಆಪರೇಷನ್ ಅಂತ. ಬಾಗಿಲಿಗೆ ಬಣ್ಣ ಹೊಡೆದು ಆಮೇಲೆ ಗೋಡೆ ಒಡೆದ ಹಾಗಾಗುತ್ತೆ. ನಿಮಗೆ ಎಲ್ಲಾ ಮೂರೂ ಬೇಕಾಗಲಿಕ್ಕಿಲ್ಲ. ಗುಡ್ಡೆ ಅಷ್ಟೇನೂ ಮುಂದಿಲ್ಲದೆ ರೆಪ್ಪೆ ಎಳ್ಕೊಂಡಿದ್ದಕ್ಕೇ ಹಾಗೆ ಕಾಣ್ತಿದ್ರೆ ರೆಪ್ಪೆ ಒಂದೇ ಸಾಕು, ಅಳೆದು ನೋಡಿದೋರೇ ಹೇಳಬೇಕು.

ಪ್ರಶ್ನೆ: ನಮ್ಮನೆಯವರು ಕಣ್ಣು ಅರ್ಧ ಬಿಟ್ಕೊಂಡೇ ಮಲಗ್ತಾರೆ, ಬೆಳಿಗ್ಗೆ ಕಣ್ಣು ತೆರೆಯೋಕಾಗದಷ್ಟು ಉರಿ. ಮುಂದಿನ ತಿಂಗಳು ಡಾಕ್ಟರ್ ನೋಡ್ತಾರೆ, ಅಲ್ಲೀವರೆಗೆ ಮನೇಲಿ ಏನು ಮಾಡೋದು?

ಉತ್ತರ: ದೃಷ್ಟಿ ಮಂಜಾಗಿದ್ರೆ, ನೋವು ಜೋರಿದ್ರೆ ಮುಂದಿನ ತಿಂಗಳ ಮಾತು ಬೇಡ, ನಾಳೆ ಹೋಗಿ. ಬರೀ ಉರಿ ಅಂದ್ರೆ ಹಗಲು ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್, ಎರಡು ಗಂಟೆಗೊಂದು ಸಲ ಹಾಕಿದ್ರೂ ತೊಂದರೆ ಇಲ್ಲ. ಮಲಗೋವಾಗ ದಪ್ಪ ಜೆಲ್ ಅಥವಾ ಮುಲಾಮು. ತಲೆ ಕಡೆ ಎತ್ತರಿಸಿ ಮಲಗಲಿ, ಫ್ಯಾನ್ ಗಾಳಿ ಮುಖಕ್ಕೆ ಬೇಡ, ಹೊರಗೆ ಹೋದ್ರೆ ಸುತ್ತಲೂ ಮುಚ್ಚೋ ಕಪ್ಪು ಕನ್ನಡಕ. ರೆಪ್ಪೆಗೆ ಟೇಪ್ ಹಾಕೋದಾದ್ರೆ ಚರ್ಮಕ್ಕೆ ಹಾಕೋ ಮೆತ್ತನೆ ಮೆಡಿಕಲ್ ಟೇಪ್, ಮೊದಲು ಬೆರಳಲ್ಲಿ ರೆಪ್ಪೆ ಪೂರ್ತಿ ಮುಚ್ಚಿ, ಮೇಲಿಂದ ಕೆನ್ನೆ ಕಡೆಗೆ ಅಂಟಿಸಿ. ಅರ್ಧ ತೆರೆದ ಕಣ್ಣಿನ ಮೇಲೆ ಟೇಪ್ ಹಾಕಿದ್ರೆ ಅದೇ ಕಾರ್ನಿಯಾ ಉಜ್ಜುತ್ತೆ. ಎರಡು ದಿನ ನೀವೇ ಹಾಕಿ, ಮಲಗಿದ ಮೇಲೆ ಒಂದು ಸಲ ಟಾರ್ಚ್ ಹಿಡಿದು ನೋಡಿ, ರೆಪ್ಪೆ ಸಂದಿಯಲ್ಲಿ ಬಿಳಿ ಗೆರೆ ಕಾಣದಿದ್ರೆ ಸರಿಯಾಗಿ ಕೂತಿದೆ ಅಂತ.